ನಾಯಿ ಬೋಗುಣಿಗೆ ತಾನ ನೀರು ತುಂಬೋ ಸರ್ಕೀಟು: ವೈರು ಹರದ್ರ ನೀರು ನಿಲ್ಲಬೇಕ್ರಿ

ಪ್ರಶ್ನೆ: ಸರ ನಮಸ್ಕಾರ್ರಿ. ನಾವು ಬಾಗಲಕೋಟಿ ನವನಗರದಾಗ ಇರ್ತೀವಿ, ಮನ್ಯಾಗ ಒಂದು ಮುಧೋಳ ನಾಯಿ ಐತಿ. ನಾನು ಮತ್ತ ನಮ್ಮ ಮನಿಯಾಕಿ ಇಬ್ರೂ ಡ್ಯೂಟಿಗೆ ಹೋಗ್ತೀವಿ, ಬ್ಯಾಸಗ್ಯಾಗ ಮಧ್ಯಾಹ್ನ ಅನ್ನೋದ್ರಾಗ ಬೋಗುಣಿ ಖಾಲಿ ಆಗಿರ್ತೈತಿ. ಅದಕ್ಕ ಒಂದು ಬಿಸಿ547 ಟ್ರಾನ್ಸಿಸ್ಟರ್, ಎರಡು ತಾಮ್ರದ ವೈರು, 12 ವೋಲ್ಟ್ ರಿಲೇ (ಕರೆಂಟಿಲೆ ಎಳಿಯೋ ಸ್ವಿಚ್ಚು), ಮಾಳಿಗಿ ಮ್ಯಾಲಿನ ಟಾಕಿ ಪೈಪಿಗೆ ಒಂದು ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ರ ತೆರಿಯೋದು) ಹಾಕಿ ನೀರು ತಾನ ತುಂಬೋ ಹಂಗ ಮಾಡಿದ್ದೆ. ಹದಿನೈದು ದಿನ ಛಲೋ ನಡೀತು. ಆಮ್ಯಾಲ ರಿಲೇ ಟಕಟಕಟಕ ಅನ್ನಾಕ ಹತ್ತು, ಒಂದು ವೈರು ಹಸರಾಗಿ ಸಣ್ಣಾತು, ಇನ್ನೊಂದಕ್ಕ ಬಿಳಿ ಸುಣ್ಣದಂಗ ಕೂತೈತಿ. ಹೋದ ಐತ್ವಾರ ಜಮಖಂಡಿಗೆ ಲಗ್ನಕ್ಕ ಹೋಗಿ ಬರೋದ್ರಾಗ ಅಂಗಳ ತುಂಬ ನೀರು, ಟಾಕಿ ಖಾಲಿ. ಅರ್ಡುಯಿನೊ (ಪ್ರೋಗ್ರಾಂ ಹಾಕೋ ಸಣ್ಣ ಬೋರ್ಡು) ಹಾಕಿದ್ರ ಸರಿ ಹೋಗ್ತೈತೇನ್ರಿ? ಒಂದು ಪಕ್ಕಾ ಸರ್ಕೀಟ್ ಹೇಳ್ರಿ.

ಉತ್ತರ: ನೋಡ್ರಿಪಾ, ನಿಮ್ಮ ಸರ್ಕೀಟ್ ಕೆಟ್ಟಿಲ್ಲ. ಅದನ್ನ ಹೆಂಗ ಕಟ್ಟೀರಿ ಹಂಗ ಕೆಲಸ ಮಾಡ್ಯದ, ತೊಂದ್ರಿ ಇರೋದ ಅಲ್ಲಿ. ನೀವು ಬರದ ಮೂರು ಮಾತಿನಾಗ, ಅಂದ್ರ ಹಸರ ವೈರು, ಬಿಳಿ ಸುಣ್ಣ, ಟಕಟಕ, ಇಷ್ಟರಾಗ ಪೂರಾ ಕತಿ ಅದ. ಮೊದ್ಲ ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರ ಏನಾಗ್ಯದ ಅಂತ ತಿಳೀದ ಹೊಸಾ ಸರ್ಕೀಟ್ ಕಟ್ಟಿದ್ರ ಮತ್ತ ಅದ ಅಂಗಳದಾಗ ಅದ ನೀರ ನಿಲ್ತದ.

ಹಸರಾಗಿದ್ದು ಪ್ಲಸ್ ಕಡೆ ವೈರು, ಬಿಳಿ ಹತ್ತಿದ್ದು ಟ್ರಾನ್ಸಿಸ್ಟರಿನ ಬೇಸ್, ಅಂದ್ರ ಮೈನಸ್ ಕಡೆ ವೈರು, ನೋಡದನ ಹೇಳ್ತೀನಿ ಬೇಕಂದ್ರ. ನೀರಿನಾಗ ಡಿಸಿ ಕರೆಂಟ್ ಹರೀತಂದ್ರ ಪ್ಲಸ್ ಕಡಿದು ತಾಮ್ರ ಕರಗಿ ನೀರಿಗೆ ಇಳೀತದ, ಮೈನಸ್ ಕಡಿದು ವೈರಿನ ಸುತ್ತ ನೀರು ಕ್ಷಾರ ಆಗ್ತದ, ಅಲ್ಲಿ ನೀರಿನಾಗಿನ ಸುಣ್ಣ ಬಂದು ಪದರ ಕಟ್ತದ. ನಮ್ಮ ಕಡೆ ಬೋರ್ ನೀರು ಸವಳು, ಚಾ ಕಾಸೋ ಪಾತೇಲಿ ತಳ ನೋಡಿದ್ರ ಗೊತ್ತಾಗ್ತದ, ಹಂಗಾಗಿ ಈ ಪದರ ಲಗೂನ ಕೂಡ್ತದ. ಎಷ್ಟು ತಾಮ್ರ ಕರಗ್ತದ ಅಂತೀರಿ? ಲೆಕ್ಕಾ ಹಾಕೋಣು. 1 ಮಿಲಿ ಆಂಪ್ ಕರೆಂಟ್ ಒಂದು ವರ್ಷ ಬಿಡದಂಗ ಹರದು, ಅದೆಲ್ಲಾ ತಾಮ್ರ ಕರಗಸೋದಕ್ಕ ಹೋತಂದ್ರ ಹತ್ತತ್ರ 10 ಗ್ರಾಂ ತಾಮ್ರ ಹೋಗ್ತದ. ಭಾಳ ಮಂದಿ ಬೇಸಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕ್ತಾರ, ಅಂದ್ರ ಸವಳು ನೀರಿನಾಗ ಒಂದು ಮಿಲಿ ಆಂಪ್ ಅಲ್ಲ, ಹಲವು ಮಿಲಿ ಆಂಪ್ ಹರೀತದ. ಸಣ್ಣ ವೈರು ಹದಿನೈದು ದಿನದಾಗ ನೂಲಿನಂಗ ಆಗೋದು ಆಶ್ಚರ್ಯ ಅಲ್ಲ. ಮತ್ತ ಆ ತಾಮ್ರ ಎಲ್ಲಿ ಹೋತು? ನಿಮ್ಮ ನಾಯಿ ಕುಡೀತು. ಅದಕ್ಕ ಮೊದ್ಲ ಆ ಎರಡೂ ವೈರು ಇವತ್ತ ಕಿತ್ತು ಒಗೀರಿ, ಸರ್ಕೀಟಿನ ಮಾತು ಆಮ್ಯಾಲ.

ಟಕಟಕ ಯಾಕಂದ್ರ ನಿಮ್ಮ ಸರ್ಕೀಟಿಗೆ ಒಂದ ಮಟ್ಟ ಗೊತ್ತು. ನೀರು ವೈರಿನ ತುದಿಗೆ ಹತ್ತತು, ಬಂದ್. ನಾಯಿ ನಾಲಿಗಿ ಹಾಕ್ತು, ತೆರಿ ಎದ್ದು ತುದಿ ಬಿಡ್ತು, ಚಾಲೂ. ಮತ್ತ ಹತ್ತತು, ಬಂದ್. ಅದರ ಮ್ಯಾಲ ಸುಣ್ಣದ ಪದರ ಕೂತು ಕರೆಂಟ್ ಅರ್ಧಂಬರ್ಧ ಹರೀಲಿಕ್ಕ ಹತ್ತಿದ್ರ ಟ್ರಾನ್ಸಿಸ್ಟರ್ ಪೂರಾ ಆನ್ ಆಗೂದಿಲ್ಲ, ಪೂರಾ ಆಫೂ ಆಗೂದಿಲ್ಲ, ರಿಲೇ ಪಾಪ ನಡುವ ಒದ್ದಾಡ್ತದ.

ಇನ್ನ ಅಂಗಳದಾಗ ನೀರು. ನೀವು ವಾಲ್ವಿನ ವೈರು ರಿಲೇದ ಎನ್‌ಸಿ ಕಾಲಿಗೆ, ಅಂದ್ರ ರಿಲೇ ಸುಮ್ನಿದ್ದಾಗ ಕೂಡಿರೋ, ಎಳದಾಗ ಬಿಡೋ ಕಾಲಿಗೆ ಹಾಕಿರಬೇಕು, ಹಂಗ ಇದ್ರ ನಡೀತದ ಆ ಸರ್ಕೀಟು: ನೀರು ವೈರಿಗೆ ಹತ್ತಿದ್ರ ರಿಲೇ ಎಳೀತದ, ವಾಲ್ವ್ ಬಂದ್. ಅಂದ್ರ ಏನಾತು, ವೈರು ಕರಗಿ ಹರೀತು, ಇಲ್ಲಾ ಸುಣ್ಣದಾಗ ಮುಚ್ಚಿ ಹೋತು, ಇಲ್ಲಾ ನಾಯಿ ಕಚ್ಚಿ ಎಳೀತು, ಯಾವುದ ಆದ್ರೂ ಸರ್ಕೀಟಿಗೆ ಕಾಣೋದು ಒಂದ, "ನೀರಿಲ್ಲ". ನೀರಿಲ್ಲ ಅಂದ್ರ ವಾಲ್ವ್ ತೆಗಿ. ಟಾಕಿ ಖಾಲಿ ಆಗೋತನಕ ತೆಗದ ಇರ್ತದ. ಇದನ್ನ ಕಾಗದದ ಮ್ಯಾಲ ದಪ್ಪಾಗಿ ಬರಕೋರಿ: ವೈರು ಹರದ್ರ ನೀರು ನಿಲ್ಲಬೇಕು, ಹರೀಬಾರದು. ತುಂಬಸೋದು ಯಾರ ಬೇಕಾದ್ರೂ ಮಾಡ್ತಾರ, ಏನ ಕೆಟ್ರೂ ನಿಲ್ಲೋ ಹಂಗ ಮಾಡೋದ ಈ ಕೆಲಸದ ಹೂರಣ.

ಇಲ್ಲೊಂದು ಮಾತು. ನೆಟ್ಟಿನಾಗ ಹುಡುಕಿದ್ರ 555 ಅನ್ನೋ ಟೈಮರ್ ಐಸಿ ಹಾಕಿದ ಎರಡು ಮಟ್ಟದ ಸರ್ಕೀಟು ಸಿಗ್ತದ, ಕೆಳಗೊಂದು ಕಡ್ಡಿ ಪಿನ್ 2ಕ್ಕ, ಮ್ಯಾಲೊಂದು ಕಡ್ಡಿ ಪಿನ್ 6ಕ್ಕ, ತಳದಾಗ ಪ್ಲಸ್ಸಿನ ಕಡ್ಡಿ, ಎರಡೂ ಪಿನ್ನಿಗೆ ನೆಲಕ್ಕ ಅಂದ್ರ ಮೈನಸ್ಸಿಗೆ ಒಂದೊಂದು ದೊಡ್ಡ ರೆಸಿಸ್ಟರ್. ಪಿನ್ 2 ಸಪ್ಲೈದ ಮೂರರಾಗ ಒಂದು ಪಾಲಿಗಿಂತ ಕೆಳಗ ಇಳದ್ರ ಔಟ್‌ಪುಟ್ ಆನ್, ಪಿನ್ 6 ಮೂರರಾಗ ಎರಡು ಪಾಲು ದಾಟಿದ್ರ ಆಫ್, ನಡುವ ಇದ್ದಾಗ ಮೊದ್ಲಿಂದು ಏನಿತ್ತೋ ಅದ. ಟಕಟಕ ಪೂರಾ ಹೋಗ್ತದ. ನಾನೂ ಎಷ್ಟೋ ಟಾಕಿಗೆ ಕಟ್ಟೀನಿ, 470 ಕಿಲೋ ಓಮ್ ಹಾಕಿದ್ರ ನೀರಿನಾಗ ಹರಿಯೋದು 25 ಮೈಕ್ರೋ ಆಂಪ್ ಅಷ್ಟ, ಕಡ್ಡಿ ಸ್ಟೇನ್‌ಲೆಸ್ ಇದ್ರ ವರ್ಷಗಟ್ಟಲೆ ಬಾಳ್ತದ. ಆದ್ರ ನಾಯಿ ಬೋಗುಣಿಗೆ ನಾ ಇದನ್ನ ಹೇಳೂದಿಲ್ಲ. ಯಾಕಂದ್ರ 555ದಾಗ ಪಿನ್ 2ದ್ದು ಮಾತು ಪಿನ್ 6ಕ್ಕಿಂತ ಜೋರು. ಕೆಳಗಿನ ಕಡ್ಡಿ ವೈರು ಒಂದ ಹರೀತಂದ್ರ ಪಿನ್ 2 ಕಾಯಂ ಕೆಳಗ, ನೀರು ಮ್ಯಾಲಿನ ಕಡ್ಡಿ ಮುಟ್ಟಿದ್ರೂ, ಬೋಗುಣಿ ತುಂಬಿ ಹರದ್ರೂ, ಔಟ್‌ಪುಟ್ ಆನ್ ಇದ್ದ ಇರ್ತದ. ಮ್ಯಾಲಿನ ಕಡ್ಡಿ ಇದ್ದದ್ದು ಕಾವಲಿಗೆ ಅಂತ ನಾವು ನಂಬಿರ್ತೀವಿ, ಅದರ ಮಾತು ಯಾರೂ ಕೇಳಂಗಿಲ್ಲ. ಇನ್ನೊಂದು ಮಜಾ ನೋಡ್ರಿ, ಮ್ಯಾಲಿನ ಕಡ್ಡಿ ಸಿಕ್ಕಿಸಿದ ಪ್ಲಾಸ್ಟಿಕ್ ಪಟ್ಟಿ ಮ್ಯಾಲ ಜೊಲ್ಲು ಸುಣ್ಣ ಸೇರಿ ಹಸಿ ಪದರ ಕಟ್ಟಿದ್ರ ಅದರಾಗಿಂದ ಕರೆಂಟ್ ಹರದು ಪಿನ್ 6 ಯಾವಾಗೂ ಮ್ಯಾಲ ಇರ್ತದ, ಆವಾಗ ಬೋಗುಣಿ ಕೆಳಗಿನ ಕಡ್ಡಿ ಮುಟ್ಟೋತನಕ ಅಷ್ಟ ತುಂಬಿ ನಿಲ್ತದ. "ಸರ ಅರ್ಧನೂ ತುಂಬೂದಿಲ್ಲ" ಅಂತ ಯಾರಾದ್ರೂ ಬಂದ್ರ ನಾ ಮೊದ್ಲ ಆ ಪಟ್ಟಿ ಒಣ ಅರಿಬಿಲೆ ಒರಸ್ತೀನಿ, ಭಾಳ ಸರೆ ಅಷ್ಟಕ್ಕ ಸರಿ ಹೋಗ್ತದ.

ಅರ್ಡುಯಿನೊ ಕೇಳೀರಿ. ಹಾಕಬಹುದು, ಆದ್ರ ಕಣ್ಣು ಕುರುಡಿದ್ದಾಗ ತಲಿ ಎಷ್ಟು ಚುರುಕಿದ್ರೇನು? ಸೆನ್ಸಾರ್ ಅದ ತಾಮ್ರದ ವೈರ ಇದ್ರ ಅರ್ಡುಯಿನೊನೂ ಅದ ಸುಳ್ಳ ನಂಬ್ತದ. ಅದರ ಜೋಡಿ ಕೆಂಪು ಪಟ್ಟಿಯಂಥಾ ವಾಟರ್ ಸೆನ್ಸಾರ್ ಬರ್ತದಲ್ಲ, ಗೆರಿ ಗೆರಿ ಇರೋದು, ಅದನ್ನಂತೂ ನೀರಿನಾಗ ಬಿಟ್ಟು ಮರೀಬ್ಯಾಡ್ರಿ, ಕಾಲೇಜ್ ಪ್ರಾಜೆಕ್ಟ್ ತೋರಸೋತನಕ ಅಷ್ಟ ಅದರ ಆಯುಷ್ಯ. ಅಲ್ಟ್ರಾಸಾನಿಕ್, ಅಂದ್ರ ದನಿ ಕಳಿಸಿ ದೂರ ಅಳಿಯೋ ಸೆನ್ಸಾರ್, ಹಾಕಿದ್ರು ಒಬ್ಬರು ನಮ್ಮಲ್ಲೆ, ಬೋಗುಣಿ ಮ್ಯಾಲ ಸ್ಟ್ಯಾಂಡ್ ಮಾಡಿ. ನಾಯಿ ಕುಡೀಲಿಕ್ಕ ತಲಿ ಬಗ್ಗಿಸಿದ್ರ ಸಾಕು, ಸೆನ್ಸಾರ್ ನಾಯಿ ತಲೀನ ನೀರಿನ ಮಟ್ಟ ಅಂತ ಓದಿ "ತುಂಬ್ಯದ" ಅಂತಿತ್ತು. ಹೊರಗಿಂದ ಅಂಟಿಸೋ ಕೆಪಾಸಿಟಿವ್ ಸೆನ್ಸಾರ್ ಬರ್ತದ, ಛಲೋ ವಸ್ತು, ನೀರಿಗೆ ಮುಟ್ಟೂದ ಇಲ್ಲ, ಆದ್ರ ಪ್ಲಾಸ್ಟಿಕ್ ಚೀನಿಮಣ್ಣು ಗಾಜಿಗೆ ಅಷ್ಟ ನಡೀತದ, ಸ್ಟೀಲ್ ಬೋಗುಣಿಗೆ ನಡಿಯೂದಿಲ್ಲ. ನಮ್ಮ ಕಡೆ ನಾಯಿಗೆ ಯಾರ ಚೀನಿಮಣ್ಣಿನ ಬಟ್ಟಲ ಇಡ್ತಾರ?

ಈಗ ನನ್ನ ಸರ್ಕೀಟಿಗೆ ಬರ್ತೀನಿ. ಅದಕ್ಕಿಂತ ಮೊದ್ಲ ನೀರಿನ ಹಾದಿ ಬದಲ ಮಾಡ್ರಿ. ಮಾಳಿಗಿ ಟಾಕಿ ಬ್ಯಾಡ. 500 ಲೀಟರ್ ನೀರನ್ನ ಒಂದು ಬೆರಳುದ್ದದ ವಾಲ್ವಿನ ನಂಬಿಕಿ ಮ್ಯಾಲ ಬಿಡೋದು ಯಾಕ? ಆ 12 ವೋಲ್ಟಿನ ಪ್ಲಾಸ್ಟಿಕ್ ವಾಲ್ವಿನ ಒಳಗ ಒಂದು ರಬ್ಬರ್ ಪರದೆ ಅದ, ಅದರಾಗ ಸೂಜಿ ತೂತಿನಂಥಾ ತೂತದ, ನೀರಿನ ಒತ್ತಡದಿಂದನ ಅದು ಮುಚ್ಚಿಕೊಳ್ಳೋದು. ಟಾಕಿ ತಳದ ಉಸುಕಿನ ಒಂದು ಕಣ ಆ ಪರದೆ ಕೆಳಗ ಸಿಕ್ಕೊಂಡ್ರ ಕರೆಂಟ್ ತಗದ್ರೂ ನೀರು ಜಿನುಗತದ. (ನಿಮ್ಮದೂ ಒಮ್ಮೆ ನೋಡ್ರಿ, ಸಪ್ಲೈ ಪೂರಾ ತಗದು ಹತ್ತು ನಿಮಿಷ ಬಿಡ್ರಿ, ಹನಿ ಬಿದ್ರ ಆ ಐತ್ವಾರದ ಪಾಪದಾಗ ವಾಲ್ವಿಂದೂ ಪಾಲದ.) ಮತ್ತ ಅದಕ್ಕ ಕಡಿಮಿ ಅಂದ್ರ 0.2 ಬಾರ್, ಅಂದ್ರ 2 ಮೀಟರ್ ಎತ್ತರದ ನೀರಿನ ಒತ್ತಡ ಬೇಕು, ಹಂಗಾಗಿ ಸ್ಟೂಲಿನ ಮ್ಯಾಲ ಕೊಡ ಇಟ್ಟು ಈ ವಾಲ್ವ್ ಹಾಕಿದ್ರ ಸರಿಯಾಗಿ ತೆರಿಯೂದಿಲ್ಲ, ಮುಚ್ಚೂದೂ ಇಲ್ಲ.

ನಡುವ ಒಂದು ಸಣ್ಣ ಪಾತ್ರಿ ಇಡ್ರಿ, 20 ಲೀಟರಿನ ನೀರಿನ ಕ್ಯಾನ್ ಸಾಕು. ನಮ್ಮ ವಿಜಯಪುರದಾಗ ಆದಿಲಶಾಹಿ ಕಾಲದ ನೀರಿನ ಗೋಪುರ ಅದಾವಲ್ಲ, ಗಂಜ್ ಅಂತಾರ, ತೊರವಿ ಕಡಿಂದ, ಬೇಗಂ ತಲಾಬಿನಿಂದ ಊರಿಗೆ ಬರೋ ನೀರಿನ ಒತ್ತಡ ಪೈಪ್ ಒಡೀಬಾರದು ಅಂತ ನಡುನಡುವ ಕಟ್ಟಿದ್ದು. ನೀರು ಗೋಪುರದಾಗ ಬಂದು, ಜೋರ ಕಳಕೊಂಡು, ಮುಂದ ಹೋಗ್ತಿತ್ತು. ನಿಮ್ಮ ಕ್ಯಾನೂ ಅದ ಕೆಲಸ ಮಾಡ್ತದ ಅನ್ಕೋರಿ. ಏನ ಕೆಟ್ರೂ, ಎಲ್ಲಾ ಒಮ್ಮೆಲೆ ಕೆಟ್ರೂ, ಅಂಗಳಕ್ಕ ಬೀಳೋದು 20 ಲೀಟರ್. 20-25 ಕೆಜಿ ನಾಯಿಗೆ ದಿನಕ್ಕ ಒಂದರಿಂದ ಒಂದೂವರಿ ಲೀಟರ್ ಬೇಕು, ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿದಾಗ ಇನ್ನೂ ಜಾಸ್ತಿ, ಅಂದ್ರೂ ಒಂದು ಕ್ಯಾನ್ ವಾರ ಪೂರ್ತಿ ಬರ್ತದ.

ಕ್ಯಾನಿನಾಗ ಒಂದು 12 ವೋಲ್ಟಿನ ಸಣ್ಣ ಮುಳುಗು ಪಂಪ್ ಬಿಡ್ರಿ, ತಾಸಿಗೆ 240 ಲೀಟರ್ ಅಂತ ಬರದಿರ್ತದ, ಪೈಪ್ ಹಾಕಿ ಮ್ಯಾಲ ಎತ್ತೋದ್ರಾಗ ಅಷ್ಟು ಬರಂಗಿಲ್ಲ, ಅದು ಬ್ಯಾಡನೂ. ಇಲ್ಲಿ ಒಂದು ಮೋಸ ಅದ, ಕಲಿಯೋತನಕ ನಾನೂ ನೀರು ಚೆಲ್ಲೀನಿ. ಕ್ಯಾನ್ ಎತ್ತರಕ್ಕ, ಬೋಗುಣಿ ನೆಲದ ಮ್ಯಾಲ ಇದ್ರ ಪಂಪ್ ಬಂದ್ ಆದ್ರೂ ನೀರು ಪೈಪಿನಾಗಿಂದ ಹರೀತನ ಇರ್ತದ, ಪೆಟ್ರೋಲ್ ಟಾಕಿಯಿಂದ ಪೈಪ್ ಹಾಕಿ ಬಾಯಿಲೆ ಎಳದು ಬಿಡ್ತಾರಲ್ಲ ಹಂಗ. ಅದಕ್ಕ ಪೈಪಿನ ಬಾಯಿ ಕ್ಯಾನಿನ ನೀರಿನ ಮಟ್ಟಕ್ಕಿಂತ ಮ್ಯಾಲ ಇರಬೇಕು, ಇಲ್ಲಂದ್ರ ಪೈಪ್ ಎಲ್ಲಿ ಎಲ್ಲಕ್ಕಿಂತ ಎತ್ತರಕ್ಕ ಬಾಗ್ತದ ಅಲ್ಲಿ ಒಂದು ಸೂಜಿ ತೂತು ಹಾಕ್ರಿ, ಕ್ಯಾನಿನ ಬಾಯಿ ಒಳಗ ಬರೋ ಹಂಗ, ಪಂಪ್ ನಿಂತ ಕೂಡ್ಲೆ ಅಲ್ಲಿಂದ ಗಾಳಿ ಹೊಕ್ಕು ನೀರು ಕಡೀತದ. ಮತ್ತ ಪೈಪಿನ ಬಾಯಿ ಬೋಗುಣಿ ನೀರಿನಾಗ ಮುಳುಗಬಾರದು, ಅಂಚಿಗಿಂತ ಎರಡು ಇಂಚು ಮ್ಯಾಲ ಇರಲಿ. ಮುಳುಗಿದ್ರ ಜೊಲ್ಲಿನ ನೀರು ವಾಪಸ್ ಕ್ಯಾನಿಗೆ ಹೋಗ್ತದ.

ಸೆನ್ಸಾರಿಗೆ ಫ್ಲೋಟ್ ಸ್ವಿಚ್ ತಗೋರಿ, ಸಣ್ಣ ಕಡ್ಡಿಗೆ ಒಂದು ಬಿಲ್ಲಿಯಂಥಾ ತೇಲೋ ಬುಗ್ಗಿ ಇರೋದು. ಬುಗ್ಗಿಯೊಳಗ ಅಯಸ್ಕಾಂತ, ಕಡ್ಡಿಯೊಳಗ ರೀಡ್ ಸ್ವಿಚ್, ಅಂದ್ರ ಅಯಸ್ಕಾಂತ ಹತ್ರ ಬಂದ್ರ ಕೂಡೋ ಸ್ವಿಚ್. ನೀರಿಗೂ ಕರೆಂಟಿಗೂ ಸಂಬಂಧನ ಇಲ್ಲ, ಸವಳು ಸಿಹಿ ಆರ್‌ಓ ಎಲ್ಲಾ ನೀರೂ ಅದಕ್ಕ ಒಂದ. ಇದರಾಗ ಒಂದು ಗುಟ್ಟು: ಕಡ್ಡಿ ತುದಿಯ ಲಾಕ್ ತಗದು ಬುಗ್ಗಿ ತಿರುವಿ ಹಾಕಿದ್ರ ಸ್ವಿಚ್ ಉಲ್ಟಾ ಆಗ್ತದ. ನಮಗ ಬೇಕಾಗಿದ್ದು ಬುಗ್ಗಿ ಕೆಳಗ ಇದ್ದಾಗ, ಅಂದ್ರ ನೀರು ಇಲ್ಲದಾಗ, ಸ್ವಿಚ್ ಕೂಡಿರಬೇಕು, ಬುಗ್ಗಿ ಮ್ಯಾಲ ಎದ್ದಾಗ ಬಿಡಬೇಕು. ಮೀಟರ್ ಬೀಪಿಗೆ ಇಟ್ಟು ಕೈಲೆ ಬುಗ್ಗಿ ಎತ್ತಿ ಇಳಿಸಿ ನೋಡ್ರಿ, ಕೆಳಗ ಬಿಟ್ಟಾಗ ಬೀಪ್ ಅಂದ್ರ ಸರಿ. ಯಾಕ ಹಿಂಗ? ವೈರು ಹರದ್ರ ಸ್ವಿಚ್ ಬಿಟ್ಟಂಗ ಆಗ್ತದ, ಸರ್ಕೀಟು "ತುಂಬ್ಯದ" ಅಂತ ತಿಳಕೊಂಡು ಸುಮ್ನಿರ್ತದ. ನೀರಿನಾಗ ಮುಳುಗೋ ವೈರಿನ ಕಡ್ಡಿಲೆ ಇದನ್ನ ಮಾಡ್ಲಿಕ್ಕ ಬರೂದಿಲ್ಲ, ಅಲ್ಲಿ ಹರದ ವೈರೂ ಖಾಲಿ ಬೋಗುಣಿನೂ ಒಂದ ಥರ ಕಾಣ್ತಾವ.

ಫ್ಲೋಟ್ ಬೋಗುಣಿ ಒಳಗ ಇಡಬ್ಯಾಡ್ರಿ, ಮುಧೋಳ ನಾಯಿ ಮುಂದ ಅಂಥಾ ಆಟಿಗಿ ಸಾಮಾನ ಇಡ್ತೀರೇನು! ಬೋಗುಣಿ ಪಕ್ಕ ಗ್ವಾಡಿಗೆ ಹತ್ತಿ ಒಂದು ಪ್ಲಾಸ್ಟಿಕ್ ಡಬ್ಬಿ ಇಡ್ರಿ, ಬೋಗುಣಿ ತಳದ ಹತ್ರ ಒಂದು ತೂತು, ಡಬ್ಬಿ ತಳದ ಹತ್ರ ಒಂದು ತೂತು, ನಡುವ ಸಣ್ಣ ಪೈಪ್, ಸಲೈನ್ ಪೈಪಿಗಿಂತ ಸ್ವಲ್ಪ ದಪ್ಪ ಇದ್ರ ಸಾಕು. ಎರಡರಾಗೂ ನೀರು ಒಂದ ಮಟ್ಟಕ್ಕ ನಿಲ್ತದ. ಫ್ಲೋಟ್ ಆ ಡಬ್ಬಿಯೊಳಗ. ಇದರ ಲಾಭ ಎರಡು. ನಾಯಿ ಎಷ್ಟ ಚಪಚಪ ಕುಡದ್ರೂ ತೆರಿ ಡಬ್ಬಿತನಕ ಬರೂದಿಲ್ಲ. ಮತ್ತ ಪೈಪ್ ಸಣ್ಣದಿದ್ದಕ್ಕ ಡಬ್ಬಿ ನೀರು ಬೋಗುಣಿಗಿಂತ ತಡಾ ಮಾಡಿ ಏರ್ತದ, ಅಷ್ಟೊತ್ತಿಗೆ ಬೋಗುಣ್ಯಾಗ ಒಂದೆರಡು ಗ್ಲಾಸ್ ಹೆಚ್ಚಿಗಿ ತುಂಬಿರ್ತದ. ಆ ಹೆಚ್ಚಿಗಿ ನೀರ ಇಳಿಯೋತನಕ ಪಂಪ್ ಮತ್ತ ಚಾಲೂ ಆಗೂದಿಲ್ಲ, ಅಂದ್ರ 555 ಕಡ್ಡಿ ಸರ್ಕೀಟಿನಾಗ ಎರಡು ಮಟ್ಟ ಇಟ್ಟು ಮಾಡಿದ್ದನ್ನ ಇಲ್ಲಿ ಒಂದು ಪೈಪಿನ ತುಂಡು ಮಾಡ್ತದ. ಹಂಗಾಗಿ ಫ್ಲೋಟಿನ ಮಟ್ಟ ಬೋಗುಣಿ ಅಂಚಿಗಿಂತ ಒಂದೂವರಿ ಇಂಚರೆ ಕೆಳಗ ಇಡ್ರಿ.

ಈಗ ಸರ್ಕೀಟು. ಸಾಮಾನು ಕಡಿಮಿ: ಒಂದು 555, ಒಂದು ಐಆರ್‌ಎಫ್540 ಮಾಸ್ಫೆಟ್ (ಪಂಪಿಗೆ ಸ್ವಿಚ್ಚಿನಂಗ ಕೆಲಸ ಮಾಡೋ ಟ್ರಾನ್ಸಿಸ್ಟರ್), ಎರಡು ಥರ ಡಯೋಡ್, ನಾಕಾರು ರೆಸಿಸ್ಟರ್, ಒಂದು 100 ಮೈಕ್ರೋ ಫ್ಯಾರಡ್ ಕೆಪಾಸಿಟರ್. ಉಪಾಯ ಏನಂದ್ರ ಫ್ಲೋಟ್ ಸ್ವಿಚ್ಚನ್ನ 555ಕ್ಕ ಹೋಗೋ ಪ್ಲಸ್ ಸಪ್ಲೈದಾಗನ ಹಾಕೋದು. ನೀರು ಇಳದು ಫ್ಲೋಟ್ ಕೂಡಿದ್ರ 555ಕ್ಕ ಕರೆಂಟ್ ಬರ್ತದ, ಕರೆಂಟ್ ಬಂದ ಕೂಡ್ಲೆ ಅದು ಪಂಪ್ ಚಾಲೂ ಮಾಡ್ತದ, 30 ಸೆಕೆಂಡ್ ಆದ ಮ್ಯಾಲ ತಾನ ಬಂದ್ ಮಾಡ್ತದ. ನಡುವ ನೀರು ತುಂಬಿ ಫ್ಲೋಟ್ ಎದ್ರ 555ಕ್ಕ ಕರೆಂಟ ಹೋಗ್ತದ, ಪಂಪ್ ಆವಾಗ ನಿಲ್ತದ. ಯಾವುದು ಮೊದ್ಲ ಬರ್ತದೋ ಅದು.

ಜೋಡಸೋದು ಹಿಂಗ. 12 ವೋಲ್ಟ್ ಪ್ಲಸ್ಸಿನಿಂದ ಒಂದು ವೈರು ಫ್ಲೋಟಿಗೆ, ಫ್ಲೋಟಿನ ಇನ್ನೊಂದು ವೈರು 555ದ ಪಿನ್ 8 ಮತ್ತ 4ಕ್ಕ. ಈ ಗೆರಿಗೆ "ಒಳಗಿನ ಪ್ಲಸ್" ಅನ್ನೋಣು. ಪಿನ್ 1 ಮೈನಸ್ಸಿಗೆ. ಪಿನ್ 2 ಮತ್ತ 6 ಎರಡೂ ಕೂಡಸ್ರಿ, ಆ ಕೂಡುವಲ್ಲಿಂದ 270 ಕಿಲೋ ಓಮ್ ಒಳಗಿನ ಪ್ಲಸ್ಸಿಗೆ, 100 ಮೈಕ್ರೋ ಕೆಪಾಸಿಟರ್ ಮೈನಸ್ಸಿಗೆ. ಹೊತ್ತು ಎಷ್ಟಂದ್ರ 1.1 ಗುಣಿಸಿ ರೆಸಿಸ್ಟರ್ ಗುಣಿಸಿ ಕೆಪಾಸಿಟರ್, ಹತ್ತತ್ರ 30 ಸೆಕೆಂಡ್. ಅದ ಕೂಡುವಲ್ಲಿಂದ ಒಂದು 1ಎನ್4148 ಡಯೋಡ್, ಪಟ್ಟಿ ಇರೋ ಕಡೆ ಒಳಗಿನ ಪ್ಲಸ್ಸಿಗೆ, ಮತ್ತ ಒಳಗಿನ ಪ್ಲಸ್ಸಿನಿಂದ ಮೈನಸ್ಸಿಗೆ ಒಂದು 2.2 ಕಿಲೋ ಓಮ್. ಇವೆರಡೂ ಯಾಕಂದ್ರ ಫ್ಲೋಟ್ ಬಿಟ್ಟಾಗ ಕೆಪಾಸಿಟರ್ ಲಗೂ ಖಾಲಿ ಆಗಬೇಕು, ಇಲ್ಲಂದ್ರ ಮುಂದಿನ ಸರೆ 30 ಸೆಕೆಂಡ್ ಬದಲಿ 10 ಸೆಕೆಂಡಿಗೆ ನಿಂತುಬಿಡ್ತದ, ಆಮ್ಯಾಲ ನೀವು ಐಸಿ ಕೆಟ್ಟದ ಅಂತ ಮೂರು ಐಸಿ ಬದಲ ಮಾಡ್ತೀರಿ. ಪಿನ್ 5ಕ್ಕ 0.01 ಮೈಕ್ರೋ ಮೈನಸ್ಸಿಗೆ, ಪಿನ್ 7 ಖಾಲಿ ಬಿಡ್ರಿ.

ಪಿನ್ 3ರಿಂದ 100 ಓಮ್ ಹಾಕಿ ಮಾಸ್ಫೆಟ್ಟಿನ ಗೇಟಿಗೆ, ಗೇಟಿನಿಂದ ಮೈನಸ್ಸಿಗೆ 10 ಕಿಲೋ ಓಮ್. ಈ 10 ಕಿಲೋ ಮರೀಬ್ಯಾಡ್ರಿ, 555ಕ್ಕ ಕರೆಂಟ್ ಹೋದಾಗ ಗೇಟನ್ನ ಕೆಳಗ ಎಳಿಯೋದು ಅದ, ಅದಿಲ್ಲಂದ್ರ ಗೇಟ್ ಗಾಳ್ಯಾಗ ತೇಲ್ತದ, ಪಂಪ್ ತನಗ ಬೇಕಾದಂಗ ಆಡ್ತದ. ಸೋರ್ಸ್ ಮೈನಸ್ಸಿಗೆ, ಡ್ರೇನ್ ಪಂಪಿನ ಮೈನಸ್ ವೈರಿಗೆ. ಪಂಪಿನ ಪ್ಲಸ್ ಸೀದಾ 12 ವೋಲ್ಟಿಗೆ, ಒಂದು 1 ಆಂಪ್ ಫ್ಯೂಸ್ ಹಾಕಿ, ಫ್ಲೋಟಿನ ಮುಖಾಂತರ ಅಲ್ಲ. ರೀಡ್ ಸ್ವಿಚ್ಚಿನ ನಾಲಿಗಿ ಕೂದಲಷ್ಟು ತೆಳ್ಳಗ, ಮೋಟರಿನ ಕರೆಂಟ್ ಅದರಾಗ ಹರಸಿದ್ರ ಒಂದಿನ ಅಂಟಿಕೊಂಡು ಬಿಡ್ತದ, ಆವಾಗ ಕಾಯಂ "ನೀರಿಲ್ಲ". ಪಂಪಿನ ಎರಡೂ ವೈರಿಗೆ ಅಡ್ಡ 1ಎನ್4007, ಪಟ್ಟಿ ಪ್ಲಸ್ ಕಡೆ. ಉಲ್ಟಾ ಹಾಕಿದ್ರ ಫ್ಯೂಸ್ ಹೋಗ್ತದ, ಫ್ಯೂಸ್ ಹಾಕ್ರಿ ಅಂದದ್ದು ಯಾಕಂತ ಆವಾಗ ತಿಳೀತದ.

ಇಷ್ಟಾದ್ರ ಏನೇನು ಕೆಟ್ರ ಏನಾಗ್ತದ ನೋಡೋಣು. ಫ್ಲೋಟ್ ವೈರು ಹರೀತು: ಪಂಪ್ ಬಂದ್. ಫ್ಲೋಟ್ ಸುಣ್ಣ ಹಿಡದು ಕೆಳಗ ಸಿಕ್ಕೊಂತು: 30 ಸೆಕೆಂಡಿಗೆ ಬಂದ್, ಒಂದೂವರಿ ಲೀಟರ್ ಚೆಲ್ಲತದ ಅಷ್ಟ. ಬೋಗುಣಿ ಡಬ್ಬಿ ನಡುವಿನ ಸಣ್ಣ ಪೈಪಿನಾಗ ಕಸ ತುಂಬಿ ಡಬ್ಬಿಗೆ ನೀರ ಬರಲಿಲ್ಲ: ಅದೂ 30 ಸೆಕೆಂಡ್. ಕ್ಯಾನ್ ಖಾಲಿ ಆಗಿ ಪಂಪ್ ಒಣಾ ತಿರಗ್ತು: ಅದೂ ಅಷ್ಟ, ಪಂಪ್ ಸುಡೂದಿಲ್ಲ. ಮಾಸ್ಫೆಟ್ ಶಾರ್ಟ್ ಆತು: ಇದೊಂದಕ್ಕ ಸರ್ಕೀಟಿನಾಗ ಉತ್ತರ ಇಲ್ಲ, ಅದಕ್ಕ ಮೊದ್ಲ ಹೇಳಿದ್ದು ಕ್ಯಾನಿನ ಮಾತು, 20 ಲೀಟರಿಗೆ ಮುಗೀತು. ಕರೆಂಟ್ ಹೋಗಿ ಬಂತು, ಬೋಗುಣಿ ಖಾಲಿ ಅದ: 555 ಹೊಸದಾಗಿ ಶುರು ಆಗಿ ತುಂಬಸ್ತದ.

ಆದ್ರ ಒಂದು ಎಡವಟ್ಟು ಉಳೀತು. 30 ಸೆಕೆಂಡಿಗೆ ಬಂದ್ ಆದ ಮ್ಯಾಲ ಫ್ಲೋಟ್ ಎದ್ದು ಇಳಿಯೋತನಕ ಇದು ಮತ್ತ ಚಾಲೂ ಆಗೂದಿಲ್ಲ. ಅಂಗಳ ಒಣ ಇರ್ತದ, ನಾಯಿನೂ ಒಣ ಇರ್ತದ. ಅದಕ್ಕ ಒಂದು ಲೈಟ್ ಹಾಕ್ರಿ: ಒಳಗಿನ ಪ್ಲಸ್ಸಿನಿಂದ ಎರಡು 1ಎನ್4148 ಸಾಲಾಗಿ, ಆಮ್ಯಾಲ 1 ಕಿಲೋ ಓಮ್, ಆಮ್ಯಾಲ ಕೆಂಪು ಎಲ್‌ಇಡಿ, ಅದರ ಮೈನಸ್ ಕಾಲು ಪಿನ್ 3ಕ್ಕ. ಫ್ಲೋಟ್ "ನೀರಿಲ್ಲ" ಅಂತಿದ್ರೂ ಪಂಪ್ ಬಂದ್ ಆಗ್ಯದ ಅಂದಾಗ ಅಷ್ಟ ಇದು ಹತ್ತತದ. ಎರಡು ಡಯೋಡ್ ಯಾಕಂದ್ರ ಪಂಪ್ ಓಡೋ ಮುಂದ ಪಿನ್ 3 ಪೂರಾ 12 ವೋಲ್ಟಿಗೆ ಏರೂದಿಲ್ಲ, ಒಂದೂವರಿ ಎರಡು ವೋಲ್ಟ್ ಕಡಿಮಿ ಇರ್ತದ, ಡಯೋಡ್ ಇಲ್ಲಂದ್ರ ಎಲ್‌ಇಡಿ ಆವಾಗೂ ಮಂಕಾಗಿ ಹತ್ತಿ ಗೊಂದಲ ಮಾಡ್ತದ. ಎಲ್‌ಇಡಿ ಬಾಗಲ ಮ್ಯಾಲ ಬರ್ಲಿ, ಪಕ್ಕದ ಮನಿ ಅಜ್ಜಿಗೆ "ಕೆಂಪು ಲೈಟ್ ಹತ್ತಿದ್ರ ಒಂದು ತಂಬಗಿ ನೀರು ಹಾಕಬೇ" ಅಂತ ಹೇಳಿಡ್ರಿ, ಜಗತ್ತಿನಾಗ ಅದಕ್ಕಿಂತ ಛಲೋ ಬ್ಯಾಕಪ್ ಇಲ್ಲ. ಮತ್ತ ನೆರಳಾಗ ಒಂದು ಸಾದಾ ಬೋಗುಣಿ ತುಂಬಿಸಿ ಇಡೋದು ಬಿಡಬ್ಯಾಡ್ರಿ, ಮುಂಜಾನೆ ಹೋಗೋ ಮುಂದ ಒಂದ ನಿಮಿಷದ ಕೆಲಸ.

ಸಪ್ಲೈದ ಮಾತು. ಸಂತ್ಯಾಗ ಸಿಗೋ ಸೋವಿ ಅಡಾಪ್ಟರ್ ಬ್ಯಾಡ. ಅವಕ್ಕ ಸ್ವಲ್ಪ ಕರೆಂಟ್ ಸೋರೋ ಚಾಳಿ ಇರ್ತದ, ಹಸಿ ಕೈಲೆ ಮುಟ್ಟಿದ್ರ ಝುಂ ಅಂತದಲ್ಲ ಅದ. ಹಸಿ ನೆಲ, ಸ್ಟೀಲ್ ಬೋಗುಣಿ, ಹಸಿ ನಾಲಿಗಿ, ನಾಯಿಗೆ ಅದು ಚುಚ್ಚಿದಂಗ ಆದ್ರ ಮತ್ತ ಆ ಬೋಗುಣಿ ಹತ್ರ ಬರೂದಿಲ್ಲ. ವಾಷಿಂಗ್ ಮಷೀನಿನ 230 ವೋಲ್ಟ್ ವಾಲ್ವ್ ಹಚ್ಚಿ ಮಾಡೋರೂ ಅದಾರ, ಅವರಿಗೆ ಕೈ ಮುಗದು ಬ್ಯಾಡ ಅಂತೀನಿ. ಯುಪಿಎಸ್ಸಿನ 12 ವೋಲ್ಟ್ 7 ಆಂಪ್ ಅವರ್ ಬ್ಯಾಟರಿ ಹಾಕ್ರಿ. ಈ ಸರ್ಕೀಟಿನ ಚೆಂದ ಏನಂದ್ರ ಬೋಗುಣಿ ತುಂಬಿದ್ದಾಗ ಫ್ಲೋಟ್ ಬಿಟ್ಟಿರ್ತದ, ಏನೂ ಕರೆಂಟ್ ತಗೊಳ್ಳೂದಿಲ್ಲ. ಪಂಪ್ 0.4 ಆಂಪಿನಂಗ 30 ಸೆಕೆಂಡ್ ಓಡಿದ್ರ 3.3 ಮಿಲಿ ಆಂಪ್ ಅವರ್, ದಿನಕ್ಕ ಹತ್ತು ಸರೆ ಓಡಿದ್ರೂ 33. ಬ್ಯಾಟರಿ ಹಳೇದಿದ್ದು ಅರ್ಧ ಕಸುವಿದ್ರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿದ್ರ ಸಾಕು, ನವನಗರದಾಗ ಕರೆಂಟ್ ಇರ್ಲಿ ಬಿಡ್ಲಿ. ಫ್ಯೂಸ್ ಬ್ಯಾಟರಿ ಕಾಲಿಗೆ ಹತ್ತಿ ಇರ್ಲಿ, ಬ್ಯಾಟರಿ ವೈರು ಶಾರ್ಟ್ ಆದ್ರ ಕೆಂಪಗಾಗಿ ಉರೀತದ.

ಹೌದು, ಖರೇ ಹೇಳಬೇಕಂದ್ರ ಕೂಲರಿಗೆ ಹಾಕೋ ಪ್ಲಾಸ್ಟಿಕ್ ಫ್ಲೋಟ್ ವಾಲ್ವ್ ಬರ್ತದ, ನಮ್ಮೂರಾಗ ಏಪ್ರಿಲ್ ಬಂತಂದ್ರ ಅಂಗಡಿ ಮುಂದ ಹಾರದಂಗ ತೂಗಹಾಕಿರ್ತಾರ, ಅದನ್ನ ಆ ಪಕ್ಕದ ಡಬ್ಬಿಯೊಳಗ ಹಾಕಿ, ಕ್ಯಾನನ್ನ ಎತ್ತರಕ್ಕ ಇಟ್ಟು, ಪೈಪ್ ಕೊಟ್ರ ಒಂದು ಟ್ರಾನ್ಸಿಸ್ಟರೂ ಬ್ಯಾಡ, ಬ್ಯಾಟರಿನೂ ಬ್ಯಾಡ. ಮನಿಯಾಕಿ ಮುಂದ ಇದನ್ನ ಓದಬ್ಯಾಡ್ರಿ, "ಮೊದ್ಲ ಇದ ಮಾಡಬಾರದೇನು" ಅಂತಾರ. ಅದಕ್ಕೂ ಸುಣ್ಣ ಹಿಡೀತದ, ವಾಶರ್ ಸವೀತದ, ಹನಿ ಹನಿ ಸೋರ್ತದ, ಆದ್ರ ಅದೂ 20 ಲೀಟರಿಗೆ ನಿಲ್ತದ. ನೀವು ಸರ್ಕೀಟ್ ಕೇಳಿದ್ರಿ, ಸರ್ಕೀಟ್ ಹೇಳೀನಿ.

ವಾರಕ್ಕೊಮ್ಮೆ ಕ್ಯಾನ್, ಪೈಪ್, ಡಬ್ಬಿ ತೊಳೀರಿ, ಬಿಸಲಾಗ ಇಟ್ಟ ಕ್ಯಾನಿನಾಗ ಪಾಚಿ ಕಟ್ತದ, ಗೋಣಿಚೀಲ ಸುತ್ತಿದ್ರ ಕಡಿಮಿ. ಫ್ಲೋಟಿನ ಬುಗ್ಗಿಗೆ ಸುಣ್ಣ ಹಿಡದ್ರ ನಿಂಬಿಹಣ್ಣಿನ ರಸದಾಗ ಒಂದು ತಾಸು ಇಟ್ಟು ತಿಕ್ಕಿ ತೊಳದ್ರ ಹೋಗ್ತದ, ಬ್ಲೇಡಿಲೆ ಕೆರೀಬ್ಯಾಡ್ರಿ.

ಕಟ್ಟಿದ ಮ್ಯಾಲ ನಾಯಿ ಮುಂದ ಇಡೋಕ್ಕಿಂತ ಮೊದ್ಲ ಬಚ್ಚಲದಾಗ ಇಟ್ಟು ನೋಡ್ರಿ. ಪಂಪ್ ಓಡೋ ಮುಂದ ಫ್ಲೋಟಿನ ಒಂದು ವೈರು ಕಿತ್ತುಬಿಡ್ರಿ, ನಿಲ್ಲಬೇಕು. ಆಮ್ಯಾಲ ಬುಗ್ಗಿನ ಬೆರಳಿಲೆ ಕೆಳಗ ಒತ್ತಿ ಹಿಡೀರಿ, ಮೊಬೈಲಿನಾಗ ಹೊತ್ತು ನೋಡ್ರಿ, 25ರಿಂದ 40 ಸೆಕೆಂಡಿನೊಳಗ ನಿಂತು ಕೆಂಪು ಲೈಟ್ ಹತ್ತಬೇಕು, ಕೆಪಾಸಿಟರ್ ಹೇಳಿದಷ್ಟ ಇರೂದಿಲ್ಲ, ಅದಕ್ಕ ಹೆಚ್ಚು ಕಡಿಮಿ. ಪಂಪ್ ನಿಂತ ಮ್ಯಾಲ ಪೈಪಿನ ಬಾಯಿಂದ ನೀರು ಬರ್ತನ ಇದ್ರ ಸೂಜಿ ತೂತು ಸಾಲೂದಿಲ್ಲ, ಇನ್ನಷ್ಟು ದೊಡ್ಡದು ಮಾಡ್ರಿ. ಕಡೀಕ ಒಂದು ಲೀಟರ್ ಬಾಟ್ಲಿ ಪೈಪಿಗೆ ಹಿಡದು ತುಂಬಲಿಕ್ಕ ಎಷ್ಟು ಸೆಕೆಂಡ್ ಹತ್ತತು ಅಂತ ಬರದು ಕಳಸ್ರಿ, ಬೋಗುಣಿ ಎಷ್ಟು ಲೀಟರಿಂದು ಅಂತನೂ. 270 ಕಿಲೋ ಬದಲಿ ಯಾವ ರೆಸಿಸ್ಟರ್ ಹಾಕಬೇಕು ಅಂತ ಆವಾಗ ಹೇಳ್ತೀನಿ.